ಆರು ನೂಲಿನ ಏರು

ಬ್ಯಾಡಗಿಯ ನಮ್ಮ ಮನೆಯಲ್ಲಿ ಪಡಸಾಲೆಯಿಂದ ನಡುಮನೆಗೆ ಹೋಗಲು ಬಾಗಿಲಿಲ್ಲ. ಅಜ್ಜ ಯಾವ ಉಮೇದಿನಲ್ಲಿದ್ದನೋ, ಅಲ್ಲೊಂದು ಕಮಾನು ಕಟ್ಟಿಸಿ ಕೈಬಿಟ್ಟಿದ್ದ. ಕದವಿಲ್ಲ, ಚೌಕಟ್ಟಿಲ್ಲ, ಹಾಗಾಗಿ ಹೊಸ್ತಿಲೂ ಇಲ್ಲ. ಆಚೆಗೂ ಈಚೆಗೂ ಒಂದೇ ಶಾಬಾದ್ ಕಲ್ಲು. ರಾತ್ರಿ ಕರೆಂಟ್ ಹೋದರೂ ಮೂರು ತಲೆಮಾರಿನವರು ಅಲ್ಲಿ ಎಡವದೆ ಓಡಾಡಿದ್ದೆವು.

ಬೆಂಗಳೂರಿನ ಮಗ ಹಬ್ಬಕ್ಕೆ ಬಂದವನು ಪಡಸಾಲೆಗೆ ಟೈಲ್ಸ್ ಹಾಕಿಸಬೇಕು ಎಂದ. ಗೌಂಡಿ ಬಂದು ನೆಲವನ್ನು ಹಿಮ್ಮಡಿಯಿಂದ ಎರಡು ಸಲ ಕುಟ್ಟಿ, "ಕಲ್ಲ ಕೀಳೂದ ಬ್ಯಾಡ್ರಿ ಮಾಸ್ತರ್ರ. ಕಿತ್ರ ಧೂಳಾ, ರೊಕ್ಕಾ ಎರಡೂ ಹೋಗ್ತಾವು. ಮ್ಯಾಲೇ ಗಮ್ ಹಚ್ಚಿ ಕೂಡಸಿಬಿಡ್ತೇನಿ" ಎಂದ. ಧೂಳು ಹೋದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನಡುಮನೆಗೂ ಹಾಕಿಸೋಣವೆಂದಾಗ ಅವ್ವ ಕುಂತಲ್ಲಿಂದ ಏಳದೆ ತೀರ್ಪು ಕೊಟ್ಟಳು: "ಬ್ಯಾಸಗ್ಯಾಗ ನಾ ಎಲ್ಲಿ ಅಡ್ಡಾಗಲಿ? ನಾ ಇರೂತನಕಾ ಈ ಕಲ್ಲ ಇರತಾವು." ಕಲಬುರಗಿ ಕಡೆಯ ಸುಣ್ಣದಕಲ್ಲು ಅದು. ಆ ಬಿಸಿಲ ನಾಡಿನವರು ತಮಗಿಲ್ಲದ ತಂಪನ್ನು ಚಪ್ಪಡಿ ಮಾಡಿ ಊರೂರಿಗೆ ಕಳಿಸಿದ್ದಾರೆ. ಅದರ ಮೇಲೆ ಒಂದು ಮಧ್ಯಾಹ್ನ ಬರಿಮೈಯಲ್ಲಿ ಮಲಗಿದವರು ಯಾರೂ ಅವ್ವನ ಜೊತೆ ವಾದಕ್ಕಿಳಿಯುವುದಿಲ್ಲ.

ಟೈಲ್ಸಿನ ದಪ್ಪ ಹತ್ತು ಮಿಲಿಮೀಟರ್, ಕೆಳಗಿನ ಗಮ್ಮು ಒಂಬತ್ತು. ಎರಡೂ ಕೂಡಿ ಮುಕ್ಕಾಲು ಇಂಚು. ಬಡಗಿಯ ಲೆಕ್ಕದಲ್ಲಿ ಆರು ನೂಲು. ಎಂಟು ನೂಲಿಗೆ ಒಂದು ಇಂಚು. ನಮ್ಮ ಕಡೆ ನೂಲ ಹುಣ್ಣಿಮೆಗೆ ಬರುವ ನೂಲು ಮೈಗೆ ಬೀಳುತ್ತದೆ, ಈ ನೂಲು ಕಾಲಿಗೆ ಬಿತ್ತು. ಮೊದಲ ವಾರ ಹಾಲಿನ ಪಾತ್ರೆಯೊಡನೆ ಹೆಂಡತಿ, ಎರಡನೆಯ ವಾರ ಪೇಪರಿನೊಡನೆ ನಾನು, ಆಮೇಲೆ ಏನೂ ಹಿಡಿಯದೆ ಬರಿಗೈಲಿ ಬಂದ ಬೀಗರು. ಅಡಿ ಎತ್ತರದ ಮೆಟ್ಟಿಲಿಗೆ ಯಾರೂ ಎಡವುವುದಿಲ್ಲ, ಅದನ್ನು ಕಣ್ಣು ಕಾಲಿಗೆ ಮೊದಲೇ ತಿಳಿಸಿರುತ್ತದೆ. ಸಪಾಟು ನೆಲದಲ್ಲಿ ನಡೆಯುವಾಗ ಕಾಲ್ಬೆರಳು ಮೇಲೇಳುವುದೇ ಒಂದೆರಡು ಸೆಂಟಿಮೀಟರ್. ನಮ್ಮ ಗೌಂಡಿ ತನಗರಿವಿಲ್ಲದೆಯೇ ಸರಿಯಾಗಿ ಅಷ್ಟೇ ಎತ್ತರ ಕಟ್ಟಿಕೊಟ್ಟಿದ್ದ. 1997ರಲ್ಲಿ ಧಾರವಾಡದಿಂದ ಒಡೆದು ಹಾವೇರಿ ಜಿಲ್ಲೆ ಮಾಡಿದಾಗಲೂ ಗಡಿ ದಾಟಲು ಯಾರೂ ಕಾಲೆತ್ತಬೇಕಾಗಿರಲಿಲ್ಲ.

ಸರಿ, ನಡುವೆ ಒಂದು ಪಟ್ಟಿ ಬೇಕು. ರಾಣೇಬೆನ್ನೂರಿನ ಅಂಗಡಿಯಲ್ಲಿ ಬಂಗಾರದ ಬಣ್ಣದ ಅಲ್ಯೂಮಿನಿಯಂ ಪಟ್ಟಿ ತೋರಿಸಿದರು. ಲಗ್ನದ ಮಂಟಪದಿಂದ ಕಿತ್ತು ತಂದಂತಿತ್ತು. ಬಡಗಿಗೆ ಫೋನ್ ಮಾಡಿದೆ. "ಎಷ್ಟುದ್ದ ಐತ್ರಿ?" "ನಲವತ್ತು ಇಂಚು." ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮಾಸ್ತರ್ರ, ನಾ ಮಷೀನ್ ಗಾಡಿಗೆ ಏರಸಿ ಇಳಸೂದ್ರಾಗ ಅದರ ರೇಟ್ ಮುಗೀತದ. ವಾರ್ಡ್ರೋಬ್ ಏನರೆ ಇದ್ರ ಹೇಳ್ರಿ, ಅದರ ಕೂಡ ಇದನ್ನ ಪುಕ್ಕಟೆ ಮಾಡಿಕೊಡ್ತೇನಿ." ಎಡವುವುದು ತಪ್ಪಲೆಂದು ವಾರ್ಡ್ರೋಬ್ ಮಾಡಿಸುವಷ್ಟು ಪಿಂಚಣಿ ನನಗಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ರೇಖಾಗಣಿತ ಕಲಿಸಿದವನು ಒಂದು ಕಟ್ಟಿಗೆಯ ತುಂಡು ಕೊಯ್ಯಲಾರೆನೇ ಎಂಬ ಅಹಂಕಾರ ಹುಟ್ಟಿದ್ದು ಅಲ್ಲೇ.

ಅಟ್ಟದ ಮೇಲೆ ಅಜ್ಜನ ಹೊರಸು ಇತ್ತು. ಹಗ್ಗ ಇಲಿಗಳ ಪಾಲಾಗಿತ್ತು. ಆದರೆ ಎರಡು ಉದ್ದನೆಯ ಅಡ್ಡಪಟ್ಟಿಗಳು ಅಪ್ಪಟ ಸಾಗವಾನಿ, ಆರಾರು ಅಡಿ. ಅಷ್ಟು ವರ್ಷ ಒಣಗಿದ ಕಟ್ಟಿಗೆ ಇನ್ನು ಸೊಟ್ಟಗಾಗುವುದಿಲ್ಲ, ಆಗುವುದಿದ್ದರೆ ಅಜ್ಜನ ಕಾಲಕ್ಕೇ ಆಗಿರುತ್ತಿತ್ತು. ಗರಗಸ, ರಂದಾ, ಉಳಿ ಇಷ್ಟನ್ನೂ ಅವರಿವರಿಂದ ಸಾಲ ತಂದೆ. ಹಾಳೆಯ ಮೇಲೆ ಚಿತ್ರ ಬರೆದೆ. ಪಟ್ಟಿಯ ಒಂದು ಮಗ್ಗುಲು ನಾಲಿಗೆಯಂತೆ ಚಾಚಿ ಟೈಲ್ಸಿನ ಅಂಚನ್ನು ಮುಚ್ಚಬೇಕು, ಇನ್ನೊಂದು ಮಗ್ಗುಲು ಇಳಿಯುತ್ತಾ ಇಳಿಯುತ್ತಾ ಕಲ್ಲಿಗೆ ಸೇರಬೇಕು. ಒಟ್ಟಿನಲ್ಲಿ ಒಂದು ಉದ್ದನೆಯ ಬೆಣೆ. ಹಾಳೆಯ ಮೇಲೆ ಅದು ಎಷ್ಟು ಚೆಂದ ಬಂದಿತ್ತೆಂದರೆ ಅಲ್ಲಿಗೇ ನಿಲ್ಲಿಸಿಬಿಡಬೇಕಿತ್ತು.

ಅಳತೆ ತಗೊಂಡಿದ್ದು ನಿಂತುಕೊಂಡೇ. ಮೊಣಕಾಲು ನೋವು; ಕಮಾನಿನ ಅಗಲವನ್ನು ಸೊಂಟದ ಎತ್ತರದಲ್ಲಿ ಟೇಪು ಹಿಡಿದು ನೋಡಿದೆ, ಸರಿಯಾಗಿ ನಲವತ್ತು. ಎದುರುಬದುರಿನ ಎರಡು ಗೋಡೆಗಳು ಸಮಾಂತರ ಎಂದು ನಂಬಿದ್ದು ನನ್ನ ವೃತ್ತಿಯ ದೋಷ. ನೆಲದ ಹತ್ತಿರ ಗಿಲಾವು ಉದುರಿ ಅಗಲ ನಲವತ್ತೂವರೆ ಆಗಿತ್ತು. ಎರಡು ದಿನ ಗರಗಸ ಎಳೆದು, ಮೂರು ದಿನ ರಂದಾ ಹೊಡೆದು, ಪಡಸಾಲೆಯ ತುಂಬ ಹೊಟ್ಟು ಹಾರಿಸಿ ತಯಾರಿಸಿದ ಪಟ್ಟಿಯನ್ನು ಕೂರಿಸಿದರೆ ಬಲಗಡೆ ನಾಲ್ಕು ನೂಲು ಖಾಲಿ. ಮತ್ತೆ ಬಡಗಿಗೇ ಫೋನ್. "ಕೊಯ್ದದ್ದನ್ನ ಕಮ್ಮಿ ಮಾಡಾಕ ಬರತೈತ್ರಿ, ಹೆಚ್ಚ ಮಾಡಾಕ ಬರಂಗಿಲ್ಲ" ಎಂದ. ಕೊಯ್ದ ಹೊಟ್ಟನ್ನೇ ಫೆವಿಕಾಲಿನಲ್ಲಿ ಕಲಸಿ ಆ ಸಂದಿಗೆ ತುಂಬಿದೆ. ಒಣಗಿದ ಮೇಲೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ರೊಟ್ಟಿಯ ಚೂರಿನಂತೆ ಕಂಡಿತು. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹೊರಸಿಗೆ ಎರಡು ಪಟ್ಟಿ ಇರುವುದು ದೇವರ ದಯೆ. ಎರಡನೆಯದಕ್ಕೆ ನೆಲದ ಮೇಲೆ ಕುಳಿತು ಅಳೆದೆ. ಒಂದು ನೂಲು ಹೆಚ್ಚೇ ಇರಲೆಂದು ಕೊಯ್ದು, ತುದಿಯನ್ನು ಉಜ್ಜುತ್ತಾ ಉಜ್ಜುತ್ತಾ ಕೂರಿಸಿದೆ. ಟೈಲ್ಸಿನ ಅಂಚಿಗೂ ಕಟ್ಟಿಗೆಗೂ ನಡುವೆ ನಾಲಿಗೆಯ ಕೆಳಗೆ ಒಂದು ಕೂದಲೆಳೆ ಜಾಗ ಬಿಡಬೇಕು. ಮಳೆಗಾಲದಲ್ಲಿ ಕಟ್ಟಿಗೆ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ, ನಡುವಯಸ್ಸಿನ ಮನುಷ್ಯರ ಹಾಗೆ. ಇಷ್ಟೆಲ್ಲ ತಿಳಿದವನು ಕಲ್ಲಿಗೆ ತೂತು ಕೊರೆಯುವಾಗ ಮಾತ್ರ ಡ್ರಿಲ್ಲನ್ನು ಹ್ಯಾಮರಿಗೆ ಹಾಕಿದೆ. ಶಾಬಾದ್ ಕಲ್ಲು ಪದರು ಪದರಾಗಿರುತ್ತದೆ. ಡ್ರಿಲ್ಲು ಎರಡು ಸಲ ಗುದ್ದಿತು, ಅಂಗೈಯಗಲದ ಪದರೊಂದು ಹಪ್ಪಳದಂತೆ ಎದ್ದು ಬಂತು. ಹೊತ್ತಿಗೆ ಸರಿಯಾಗಿ ಅವ್ವ ಹೊರಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಹಪ್ಪಳವನ್ನು ಗಮ್ ಹಚ್ಚಿ ಕೂರಿಸಿ, ಸ್ಕ್ರೂವಿನ ಗೊಡವೆ ಬಿಟ್ಟು ಪಟ್ಟಿಯನ್ನೂ ಗಮ್ಮಿನಿಂದಲೇ ಅಂಟಿಸಿ, ಮೇಲೆ ನಾಲ್ಕು ಇಟ್ಟಿಗೆ ಹೇರಿ, ಮುಖ ತೊಳೆದುಕೊಂಡೆ. ಆ ಹಪ್ಪಳದ ಸಂಗತಿ ಅವ್ವನಿಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಪಾಲಿಶ್ ಹಚ್ಚಿದೆ. ಫಸಲು ಪೇಟೆಗೆ ಬರುವ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಅರ್ಧ ಖಾರದಪುಡಿ. ಪಾಲಿಶ್ ಆರುವಷ್ಟರಲ್ಲಿ ಪಟ್ಟಿಗೆ ಒಂದು ಕೆಂಪು ಛಾಯೆ ಬಂದಿತ್ತು. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ನನ್ನ ಬಡಗಿತನದ್ದೂ ಅದೇ ಗುಣ ಎಂದು ಹೆಂಡತಿ ಆಗ ಬಾಯಿ ಬಿಟ್ಟಳು.

ಆದರೂ ಪಟ್ಟಿ ಪಟ್ಟಿಯೇ. ಬರಿಗಾಲಲ್ಲಿ ಹತ್ತು ಸಲ ಅದರ ಮೇಲೆ ಹಾದುಹೋದೆ. ಕಾಲಿಗೆ ಏರಿದ್ದು ತಿಳಿಯಲಿಲ್ಲ, ಇಳಿದದ್ದು ತಿಳಿಯಲಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿಯ ಮೇಲೆ ಅರಿಷಿಣದ ಐದು ಬೊಟ್ಟು, ಅದರ ಮೇಲೆ ಕುಂಕುಮ, ಎರಡೂ ತುದಿಗೆ ಹೂವು.

"ಅವ್ವಾ, ಇದು ಹೊಸ್ತಿಲಲ್ಲ. ಕಾಲಿಟ್ಟು ಹೋಗಲಿ ಅಂತನ ಮಾಡೇನಿ."

ಅವ್ವ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. "ಕಟ್ಟಿಗೀದು ಐತಿ. ಬಾಗಲದಾಗ ಐತಿ. ಅಡ್ಡ ಐತಿ. ಹೊಸ್ತಲಾ ಅಲ್ಲದ ಮತ್ತೇನಪಾ ಇದು?"

ಇದಕ್ಕಿಂತ ಗಟ್ಟಿಯಾದ ವ್ಯಾಖ್ಯೆಯನ್ನು ನನ್ನ ಪಠ್ಯಪುಸ್ತಕಗಳಲ್ಲೂ ಕಂಡಿಲ್ಲ. ಅಂದಿನಿಂದ ಕಾನೂನು ಜಾರಿಯಾಯಿತು. ಅದರ ಮೇಲೆ ಕಾಲಿಡಬಾರದು, ಕೂಡಬಾರದು, ಅದರ ಆಚೆಗೊಬ್ಬರು ಈಚೆಗೊಬ್ಬರು ನಿಂತು ರೊಕ್ಕ ಕೊಟ್ಟು ತಗೊಳ್ಳಬಾರದು, ಅಲ್ಲಿ ನಿಂತು ಸೀನಬಾರದು. ಸುಗ್ಗಿಯಲ್ಲಿ ಬ್ಯಾಡಗಿಯವರಿಗೆ ಸೀನಬೇಡ ಎನ್ನುವುದು ಉಸಿರಾಡಬೇಡ ಎಂದಂತೆ. ಹೊಸ್ತಿಲ ಮಹಿಮೆ ನನಗೂ ಗೊತ್ತು. ಒಳಗೂ ಅಲ್ಲ ಹೊರಗೂ ಅಲ್ಲ ಎಂದು ನರಸಿಂಹ ಕುಳಿತದ್ದು ಅದರ ಮೇಲೇ; ಹಿರಣ್ಯಕಶಿಪುವಿಗೆ ಈಗಿನ ಎಂಜಿನಿಯರೊಬ್ಬ ಒಂದೇ ಸಮ ನೆಲ ಹಾಕಿಕೊಟ್ಟಿದ್ದರೆ ಅವನು ಇನ್ನಷ್ಟು ವರ್ಷ ಬಾಳುತ್ತಿದ್ದನೇನೋ. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ಆ ಮಹಾ ಕಮಲದ ಛಾವಣಿಗೆ ಕತ್ತೆತ್ತಿ ನಡೆಯುತ್ತಾರೆ. ಅವರ ಕಾಲಿಗೆ ಭಕ್ತಿ ನೆನಪಿಸುವವು ಕಲ್ಲಿನ ಹೊಸ್ತಿಲುಗಳೇ. ಆದರೆ ನನ್ನದು ಬೆಣೆ. ಇಳಿಜಾರು ಮಾಡಿದ್ದೇ ತುಳಿಯಲಿಕ್ಕೆ!

ಈಗ ಮನೆಗೆ ಬಂದವರೆಲ್ಲ ಅರಿಷಿಣ ಕುಂಕುಮ ನೋಡಿ, ಮುಕ್ಕಾಲು ಇಂಚಿನ ಪಟ್ಟಿಯನ್ನು ವರದೆಯ ಕಾಲುವೆ ದಾಟುವಂತೆ ಕಾಲೆತ್ತಿ ದಾಟುತ್ತಾರೆ. ಆಚೆ ಕಾಲಿಟ್ಟಾಗ ನೆಲ ತಾವೆಣಿಸಿದ್ದಕ್ಕಿಂತ ಕೆಳಗಿರುತ್ತದೆ. ಬೀಗರು ಎರಡನೆಯ ಸಲ ಮುಗ್ಗರಿಸಿದ್ದು ಹೀಗೆ. ಪಟ್ಟಿ ಇಲ್ಲದಾಗ ಎಡವಿದ್ದರು, ಪಟ್ಟಿ ಇದ್ದಾಗ ಮುಗ್ಗರಿಸಿದರು. ನನ್ನ ಮುಖ ನೋಡಿ ಎರಡೂ ಸಲ ನಕ್ಕರು. ಮಗ ದೀಪಾವಳಿಗೆ ಬಂದಾಗ ಗಾಲಿಯ ಸೂಟ್‌ಕೇಸನ್ನು ಪಡಸಾಲೆಯ ತುಂಬ ಗಡಗಡ ಎಳೆದು ತಂದವನು ಪಟ್ಟಿಯ ಹತ್ತಿರ ನಿಂತು, ಎರಡೂ ಕೈಯಿಂದ ಎತ್ತಿ ಆಚೆ ಇಟ್ಟ. ಆ ಗಾಲಿಗಳಿಗೆಂದೇ ನಾನು ಮೂರು ದಿನ ರಂದಾ ಹೊಡೆದು ಇಳಿಜಾರು ಮಾಡಿದ್ದು. ಮನೆಯಲ್ಲಿ ಅದರ ಮೇಲೆ ಧೈರ್ಯವಾಗಿ ಕಾಲಿಟ್ಟು ಹೋಗುವುದು ಬೆಕ್ಕೊಂದೇ.

ಮಾರ್ಗಶಿರದಲ್ಲಿ ಹೊಸ್ತಿಲ ಹುಣ್ಣಿಮೆ ಬಂತು. ಅವ್ವ ಪಟ್ಟಿಯನ್ನು ನೀರು ಹಾಕಿ ತಿಕ್ಕಿ ತೊಳೆದಳು. ಪಾಲಿಶಿನ ಜೊತೆ ಮೆಣಸಿನ ಕೆಂಪೂ ಹೋಗಿ, ಅಜ್ಜನ ಹೊರಸಿನ ಹಳೆಯ ಕಂದು ಬಣ್ಣ ಹೊರಗೆ ಬಿತ್ತು. ಪೂಜೆ ಮುಗಿಸಿ, ಹೋಳಿಗೆಯ ಎಡೆ ತೋರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೇಳಿದಳು:

"ಮೊದಲ ಮಾಡಿದ್ದು ಒಂದಿತ್ತಲಾ, ಗಿಡ್ಡಂದು, ಅದೆಲ್ಲೈತಿ?"

"ಅಟ್ಟದ ಮ್ಯಾಲೈತಿ. ಯಾಕವ್ವಾ?"

"ಅಡಿಗಿಮನಿ ಬಾಗಲಕ್ಕ ಹೊಸ್ತಲಾನ ಇಲ್ಲ ನೋಡು. ಅಲ್ಲಿ ಹಾಕಿಬಿಡು."

ಅಡುಗೆಮನೆಯ ಬಾಗಿಲಲ್ಲಿ ಒಳಗೂ ಶಾಬಾದ್, ಹೊರಗೂ ಶಾಬಾದ್. ಒಂದು ನೂಲಿನ ಏರಿಳಿತವಿಲ್ಲ. ಟೇಪು ತಗೊಂಡು ಹೋದೆ. ಈ ಸಲ ಮೊದಲು ನೆಲದ ಮೇಲೆ ಕುಳಿತೆ.