ಬ್ಯಾಂಜೊ ಪೆಟ್ಟಿಗೆಯ ಮುಂದೆ ಮೈಕ್ ಇಡುವ ಶಾಸ್ತ್ರ: ಪಂಚತಾಲೂಕು ಪರಂಪರೆಯ ಒಂದು ಸಂಶೋಧನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಲ್ಲಿ ಕಬ್ಬಿನ ಬಿಲ್ಲು, ತಂಬಾಕಿನ ದರ, ಕೃಷ್ಣೆಯ ಮಹಾಪೂರ ಈ ಮೂರರ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಮದುವೆ ಮೆರವಣಿಗೆಯ ಬ್ಯಾಂಜೊ ಪಾರ್ಟಿಯ ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕನ್ನು ಎಲ್ಲಿ, ಎಷ್ಟು ದೂರದಲ್ಲಿ, ಯಾವ ಓರೆಯಲ್ಲಿ ಇಟ್ಟರೆ ರೆಕಾರ್ಡಿಂಗ್ ಚೆನ್ನಾಗಿ ಬರುತ್ತದೆ ಎಂಬ ಮೂಲಭೂತ ಪ್ರಶ್ನೆಯತ್ತ ವಿದ್ವತ್‌ಲೋಕ ಕಣ್ಣೆತ್ತಿಯೂ ನೋಡಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬುವುದಲ್ಲದೆ, ಹೊಸದಾಗಿ ಎರಡು ಮೂರು ಕೊರತೆಗಳನ್ನೂ ಒದಗಿಸುತ್ತದೆ.

ಪ್ರತಿ ಶಾಸ್ತ್ರಕ್ಕೂ ಮಂಗಳಾಚರಣೆ ಬೇಕು. ನಮ್ಮದು ‘ಹಲೋ, ಮೈಕ್ ಟೆಸ್ಟಿಂಗ್, ವನ್ ಟೂ ತ್ರೀ.’ ಇಲ್ಲಿ ನಾಲ್ಕು ಏಕಿಲ್ಲ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಹಕಾರದಲ್ಲಿ ಉಸಿರು, ಟಕಾರದಲ್ಲಿ ಹೊಡೆತ, ಸಕಾರದಲ್ಲಿ ಸೀಟಿ; ಮೈಕಿನ ಮೂರೂ ರೋಗಗಳ ತಪಾಸಣೆ ಅಷ್ಟರಲ್ಲೇ ಮುಗಿಯುವುದರಿಂದ ನಾಲ್ಕು ಅನವಶ್ಯಕ ಎಂಬುದು ಸಿದ್ಧಾಂತ. ನಾಲ್ಕಕ್ಕೆ ಬರುವಷ್ಟರಲ್ಲಿ ಕರೆಂಟ್ ಹೋಗಿರುತ್ತದೆ ಎಂಬ ಪಾಠಾಂತರವೂ ಉಂಟು.

ಇನ್ನು ವಾದ್ಯದ ವಂಶಾವಳಿ. 1912ರಲ್ಲಿ ಜಪಾನಿನ ನಾಗೋಯಾದಲ್ಲಿ ಗೋರೋ ಮೊರಿತಾ ಎಂಬಾತ ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳನ್ನು ಕೂಡಿಸಿ ತೈಶೋಗೊತೊ ಎಂಬ ವಾದ್ಯ ಮಾಡಿದ. ಅದು ಹಿಂದುಸ್ತಾನಕ್ಕೆ ಬಂದು ಬುಲ್‌ಬುಲ್ ತರಂಗ್ ಆಯಿತು. ಕೊಲ್ಲಾಪುರ, ಸಾಂಗಲಿ, ಚಿಕ್ಕೋಡಿ ಸೀಮೆಯ ವರಾತಗಳಲ್ಲಿ, ಅಂದರೆ ಮದುವೆ ಮೆರವಣಿಗೆಗಳಲ್ಲಿ, ಬ್ಯಾಂಜೊ ಎನಿಸಿಕೊಂಡಿತು. ತಂತಿಗಳ ಕೆಳಗೆ ಪಿಕಪ್ ಕೂಡಿಸಿ, ವಾಯರ್ ಎಳೆದು ಆಂಪ್ಲಿಗೆ ಸಿಕ್ಕಿಸಿದ ಗಳಿಗೆಯಿಂದ ಅದು ಎಲೆಕ್ಟ್ರಿಕ್ ಗಿಟಾರಿನ ದಾಯಾದಿ. ಬಾರಿಸುವವನು ಸಿಯಾಟಲ್‌ನವನಿರಲಿ, ಶೇಡಬಾಳದವನಿರಲಿ, ಕಟ್ಟಕಡೆಗೆ ಜನರ ಕಿವಿಗೆ ಬೀಳುವುದು ಪೆಟ್ಟಿಗೆಯ ದನಿ. ಆದ್ದರಿಂದ ಗಿಟಾರಿಗೆ ಹೇಳಿದ ಶಾಸ್ತ್ರವೆಲ್ಲ ಬ್ಯಾಂಜೊಗೂ ಅನ್ವಯಿಸುತ್ತದೆ, ಬಾಡಿಗೆ ದರವೊಂದನ್ನು ಬಿಟ್ಟು.

ವಾಯರನ್ನೇ ನೇರವಾಗಿ ರೆಕಾರ್ಡರಿಗೆ ಕೊಟ್ಟರಾಗದೇ ಎಂದು ಕೆಲವು ನಾಸ್ತಿಕರು ಕೇಳುವುದುಂಟು. ಕೊಡಬಹುದು. ಗಾಜಿನ ಬಾಟಲಿಯೊಳಗೆ ಸಿಕ್ಕಿಬಿದ್ದ ಸೊಳ್ಳೆಯ ಆತ್ಮಚರಿತ್ರೆಯಂತೆ ಕೇಳುತ್ತದೆ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರಿನ ಕಾಗದದ ಕೋನ್ ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲುತ್ತದೆ. ಕಿರುಚು ಅಲ್ಲಿಗೆ ಸೋಸಿಹೋಗುತ್ತದೆ, ಉಳಿದದ್ದು ಸಂಗೀತ. ಸ್ಪೀಕರಿನ ಈ ಅಸಮರ್ಥತೆಯನ್ನು ಹಿಡಿದಿಡಲೆಂದೇ ಮೈಕು.

ಯಾವ ಮೈಕು? ಪೂರ್ವಪಕ್ಷ: ಹೆಚ್ಚು ಬೆಲೆಯದು. ಈ ವಾದಕ್ಕೆ ಅಂಗಡಿಕಾರರ ಸಂಪೂರ್ಣ ಬೆಂಬಲವಿದೆ. ಆದರೆ ಜಗತ್ತಿನ ಸ್ಟುಡಿಯೋಗಳಲ್ಲಿ ಗಿಟಾರ್ ಪೆಟ್ಟಿಗೆಯ ಮುಂದೆ ಅತಿ ಹೆಚ್ಚು ನಿಂತಿರುವುದು ಷೂರ್ ಕಂಪನಿ 1965ರಲ್ಲಿ ಹೊರತಂದ ಎಸ್‌ಎಂ 57 ಎಂಬ ಬಡಪಾಯಿ. ಅದರೊಳಗಿರುವುದು ಪೊರೆ, ಅದಕ್ಕಂಟಿದ ತಂತಿ ಸುರುಳಿ, ಸುತ್ತ ಅಯಸ್ಕಾಂತ, ಮುಖ್ಯವಾಗಿ ಇಷ್ಟೆ. ಸ್ಪೀಕರಿನೊಳಗೂ ಇರುವುದು ಇದೇ. ಕರೆಂಟ್ ಕೊಟ್ಟರೆ ಸುರುಳಿ ಅಲುಗಿ ದನಿಯಾಗುತ್ತದೆ, ದನಿ ಕೊಟ್ಟರೆ ಸುರುಳಿ ಅಲುಗಿ ಕರೆಂಟಾಗುತ್ತದೆ. ಎದುರು ಬದುರು ಇಟ್ಟಾಗ ಒಂದರ ಮಾತು ಒಂದಕ್ಕೆ ತಿಳಿಯುವುದು ಇದೇ ಕಾರಣಕ್ಕೆ. ಈ ಮೈಕು ಜೋರಿಗೆ ಹೆದರುವುದಿಲ್ಲ, ಬ್ಯಾಟರಿ ಕೇಳುವುದಿಲ್ಲ, ಟೆಂಪೋದಿಂದ ಬಿದ್ದರೂ ಎದ್ದು ಧೂಳು ಒರೆಸಿಕೊಂಡು ಹಾಡುತ್ತದೆ. ಇದರ ನಕಲಿಗಳೂ ಧಾರಾಳವಾಗಿ ಸಿಗುತ್ತವೆ.

ಜರ್ಮನ್ ಸೆನ್‌ಹೈಸರ್‌ನವರ ಎಂಡಿ 421 ಇನ್ನೂ ಹಿರಿಯ, 1960ರದ್ದು; ಕೆಳಸ್ವರಕ್ಕೆ ಒಳ್ಳೆಯ ಮೈಕಟ್ಟು ಕೊಡುತ್ತದೆ. ರಾಯರ್ ಕಂಪನಿಯ ಆರ್ 121 ರಿಬ್ಬನ್ ಜಾತಿಯದು. ತೆಳು ಲೋಹದ ಪಟ್ಟಿಯೇ ಅದರ ಕಿವಿ. ಕಿರುಚನ್ನು ಮೆತ್ತಗೆ ಮಾಡುತ್ತದೆ, ಮುಂದಿನದನ್ನೂ ಹಿಂದಿನದನ್ನೂ ಸಮನಾಗಿ ಕೇಳುತ್ತದೆ, ಆದ್ದರಿಂದ ಅದರ ಬೆನ್ನಹಿಂದೆ ಬಾಡಿಗೆಯ ಬಾಕಿ ಮಾತಾಡಬಾರದು. ಹಳೆಯ ರಿಬ್ಬನ್ ಮೈಕಿಗೆ ಕೆಟ್ಟ ವಾಯರಿನಲ್ಲಿ 48 ವೋಲ್ಟಿನ ಫ್ಯಾಂಟಮ್ ಪವರ್ ಹೊಕ್ಕರೆ ಪಟ್ಟಿ ಸುಟ್ಟೇ ಹೋದೀತು. ವರಾತದ ಕಾಲದಲ್ಲಿ ಅದನ್ನು ತರದಿರುವುದೇ ಪುಣ್ಯ.

ಈಗ ಪ್ರಬಂಧದ ತಿರುಳಾದ ಗಡಿ ಪ್ರಕರಣಕ್ಕೆ ಬರೋಣ. ಸ್ಪೀಕರಿನ ನಟ್ಟನಡುವೆ ಡಸ್ಟ್ ಕ್ಯಾಪ್ ಎಂಬ ಟೊಪ್ಪಿಗೆ ಇದೆ, ಅದರ ಸುತ್ತ ಕೋನ್ ಹರಡಿದೆ. ಮೇಲಿನ ಸ್ವರಗಳು ನಡುವಿನಿಂದ ಬಾಣದಂತೆ ನೇರ ಹೊರಡುತ್ತವೆ. ಆದಕಾರಣ ಟೊಪ್ಪಿಗೆಯ ಎದುರೇ ಮೈಕ್ ಇಟ್ಟರೆ ದನಿ ಚಾಕು. ಕೋನಿನ ಅಂಚಿಗೆ ಸರಿಸಿದರೆ ಅದೇ ದನಿ ಕಂಬಳಿ ಹೊದ್ದು ಮಲಗುತ್ತದೆ. ಹಾಗಾದರೆ ಮೈಕ್ ಟೊಪ್ಪಿಗೆಗೆ ಸೇರಬೇಕೋ, ಕೋನಿಗೆ ಸೇರಬೇಕೋ?

ಇಂಥ ಗಡಿ ವಿವಾದಗಳನ್ನು ಬಗೆಹರಿಸಲೆಂದೇ 1966ರಲ್ಲಿ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಮರುವರ್ಷ ಕೊಟ್ಟ ವರದಿಯಲ್ಲಿ ಅದು 264 ಊರುಗಳು ಮಹಾರಾಷ್ಟ್ರಕ್ಕೆ, 247 ಊರುಗಳು ಆಗಿನ ಮೈಸೂರು ರಾಜ್ಯಕ್ಕೆ ಎಂದಿತು. ನಿಪ್ಪಾಣಿ ಆಚೆಯ ಪಟ್ಟಿಯಲ್ಲಿತ್ತು. ವರದಿ ಜಾರಿಯಾಗಲಿಲ್ಲ, ನಿಪ್ಪಾಣಿ ಇದ್ದಲ್ಲೇ ಇದೆ. ಆದರೆ ಇಷ್ಟು ಸಮಗ್ರ ವರದಿಯಲ್ಲಿ ಟೊಪ್ಪಿಗೆ ಮತ್ತು ಕೋನಿನ ಗಡಿಯ ಬಗ್ಗೆ ಒಂದು ಸಾಲೂ ಇಲ್ಲ. ಎಸ್‌ಎಂ 57 ಹೊರಬಂದು ಒಂದು ವರ್ಷವಾಗಿತ್ತು. ಒಂದನ್ನು ತರಿಸಿ ಆಯೋಗದ ಮುಂದಿಡಲು ಎರಡೂ ರಾಜ್ಯಗಳ ವಕೀಲರಿಗೆ ತೋಚದೇ ಹೋದದ್ದು ವಿಷಾದನೀಯ.

ಆಯೋಗ ಬಿಟ್ಟದ್ದನ್ನು ಮೈಕ್ ಸೆಟ್ಟಿನ ಹುಡುಗನೊಬ್ಬ ಪ್ರಸ್ತುತ ಸಂಶೋಧಕನ ಕಣ್ಣೆದುರೇ ಬಗೆಹರಿಸಿದ. ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತ. ಮುಂಭಾಗದ ಕರೇ ಬಟ್ಟೆಗೆ ಮೊಬೈಲಿನ ಬ್ಯಾಟರಿ ಬೆಳಕು ಹಿಡಿದ. ಬಟ್ಟೆಯ ಎಳೆಗಳ ಹಿಂದೆ ಚಂದ್ರಗ್ರಹಣದಂತೆ ಟೊಪ್ಪಿಗೆ ಮೂಡಿತು. ಅದು ಮುಗಿದು ಕೋನ್ ಸುರುವಾಗುವ ಕಡೆ ಖಡುವಿನಿಂದ ಒಂದು ಗೀಟು ಎಳೆದ.

“ಇಲ್ಲಿ ಹಿಡೀರಿ ಸರ. ಬಟ್ಟಿಗೆ ಎರಡ ಬಟ್ಟ ಬಿಟ್ಟ ಇಡ್ರಿ.”

“ಯಾವ ಆಧಾರದ ಮೇಲೆ?”

“ಸ್ಟ್ಯಾಂಡಿನ ಮ್ಯಾಲ ಇಡ್ರಿ.”

ಪಾಶ್ಚಾತ್ಯ ಗ್ರಂಥಗಳು ನೂರಾರು ಪುಟ ನಡೆದು ತಲಪುವುದೂ ಇದೇ ಗೀಟಿನ ಮೇಲೆ. ಅಲ್ಲಿಂದ ಅರ್ಧ ಇಂಚು ಒಳಕ್ಕೆ ಸರಿದರೆ ದನಿ ಹರಿತ, ಅರ್ಧ ಇಂಚು ಹೊರಕ್ಕೆ ಸರಿದರೆ ಮಂದ. ಮೈಕಿನ ಜಾತಿ ಬದಲಿಸಿದಾಗ ಆಗುವುದಕ್ಕಿಂತ ದೊಡ್ಡ ವ್ಯತ್ಯಾಸ ಈ ಅರ್ಧ ಇಂಚಿನಲ್ಲಿ ಆಗುತ್ತದೆ ಎಂಬುದನ್ನು ನಾನಿಲ್ಲಿ ಗಂಭೀರವಾಗಿಯೇ ಹೇಳುತ್ತಿದ್ದೇನೆ. ರಾಜ್ಯದ ಗಡಿಯಲ್ಲಿರುವ ಕೊಗನೊಳ್ಳಿ ನಾಕಾದ ಆಚೀಚೆಯ ಪೆಟ್ರೋಲ್ ದರ ನೋಡಿ ಗಾಡಿ ತಿರುಗಿಸುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೀಟಿನ ವಿಷಯದಲ್ಲಿ ಒಮ್ಮತವಿದ್ದರೂ ಉಳಿದದ್ದರಲ್ಲಿ ಐದು ತಾಲೂಕುಗಳಿಗೆ ಐದು ದರ್ಶನಗಳು. ಅವು ಈ ಸಂಶೋಧಕನೇ ಹುಟ್ಟುಹಾಕಿದವು ಎಂಬ ಆಕ್ಷೇಪಣೆಯನ್ನು ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ನಿಪ್ಪಾಣಿ ದರ್ಶನ ಅತ್ಯಂತ ಪ್ರೌಢವಾದದ್ದು. ಅದರ ಪ್ರಕಾರ ರೆಕಾರ್ಡಿಂಗ್ ಆಗಬೇಕಾದ್ದು ತಂಬಾಕಿನ ವಖಾರಿಯಲ್ಲಿ. ಪತ್ರಾಸಿನ ಮನೆಯಲ್ಲಾದರೆ ದನಿ ಗೋಡೆಗೆ ಬಡಿದು, ಛಾವಣಿಗೆ ಬಡಿದು, ತಡವಾಗಿ ಮೈಕಿಗೆ ಬಂದು ಮೂಲದ ಜೊತೆ ಜಗಳ ತೆಗೆಯುತ್ತದೆ. ಬೀಡಿ ತಂಬಾಕಿನ ಚೀಲಗಳನ್ನು ಎದೆಮಟ್ಟ ಒಟ್ಟಿದರೆ ಆ ಸಂದುಗೊಂದುಗಳಲ್ಲಿ ಗಾಳಿ ತಿಕ್ಕಾಡಿ ಮೇಲಿನ ಸ್ವರಗಳ ಶಕ್ತಿ ಅಲ್ಲೇ ಕರಗುತ್ತದೆ. ಕೆಳಸ್ವರಕ್ಕೆ ಇನ್ನೂ ದಪ್ಪ ಒಟ್ಟಬೇಕು. ದಪ್ಪ ಒಟ್ಟಿದಷ್ಟೂ ಘಾಟು. ಒಳ್ಳೆಯ ಮೈಕಾದರೆ ಬ್ಯಾಂಜೊದವನ ಸೀನನ್ನು, ಅದಕ್ಕೆ ತಾಶಾದವನ ಪ್ರತಿಸೀನನ್ನು, ಎರಡರ ನಡುವಿನ ಅಂತರವನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ಸೀನು ಬರದ ರೆಕಾರ್ಡಿಂಗ್ ವಖಾರಿಯಲ್ಲಿ ಆದದ್ದಲ್ಲ ಎಂದು ತಿಳಿಯತಕ್ಕದ್ದು.

ರಾಯಬಾಗ ದರ್ಶನ ದೂರವಾದಿಗಳದ್ದು. ಚಿಂಚಲಿ ಮಾಯಕ್ಕನ ಜಾತ್ರೆಯ ಗದ್ದಲ ಕೇಳಿದವರಿಗೆ ಎರಡು ಬಟ್ಟಿನ ಅಂತರ ಸಣ್ಣತನವೆನಿಸಿದರೆ ತಪ್ಪಿಲ್ಲ. ಆದರೆ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಆ ಜಾಗವನ್ನು ಡೊಳ್ಳು, ಜನರೇಟರ್, ಕಬ್ಬಿನ ಟ್ರ್ಯಾಕ್ಟರ್ ತುಂಬಿಕೊಳ್ಳುತ್ತವೆ. ಹತ್ತಿರ ಇಟ್ಟರೆ ಒಂದು ದಿಕ್ಕಿಗೆ ಕಿವಿಗೊಡುವ ಎಸ್‌ಎಂ 57ರಂಥ ಮೈಕುಗಳು ಕೆಳಸ್ವರವನ್ನು ಉಬ್ಬಿಸುತ್ತವೆ, ಬಡಕಲು ಬ್ಯಾಂಜೊಗೂ ಮೈ ಬರುತ್ತದೆ. ದೂರವಾದಿಗಳು ಇದನ್ನು ವಂಚನೆಯೆನ್ನುತ್ತಾರೆ. ಮೈಕಿನ ಜಾಳಿಗೆಯೊಳಗೆ ಭಂಡಾರ ಹೊಕ್ಕರೆ ಏನು ಮಾಡಬೇಕೆಂಬ ಪ್ರಶ್ನೆಗೆ ಅವರ ಉತ್ತರ: ಹಣೆಗೆ ಹಚ್ಚಿಕೊಳ್ಳಬೇಕು.

ಅಥಣಿಯವರು ದ್ವೈತಿಗಳು, ಎರಡು ಮೈಕ್ ಬೇಕೆನ್ನುವವರು. ಒಂದು ಗೀಟಿನ ಮೇಲೆ, ಇನ್ನೊಂದು ಹಿಂದಕ್ಕೆ. ಇಲ್ಲೊಂದು ಕಂಟಕವಿದೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡನೆಯ ಮೈಕ್ 17 ಸೆಂಟಿಮೀಟರ್ ಹಿಂದಿದ್ದರೆ 1000 ಹರ್ಟ್ಸಿನ ಅಲೆ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಆ ಸ್ವರವೇ ಸೊರಗುತ್ತದೆ. ಎರಡು ಪಟ್ಟು ಬಾಡಿಗೆ ಕೊಟ್ಟು ಅರ್ಧ ದನಿ ಪಡೆಯುವ ಈ ವಿಧಾನಕ್ಕೆ ಬಹಳ ಅನುಯಾಯಿಗಳಿದ್ದಾರೆ. ಎರಡೂ ಮೈಕಿನ ಮೂತಿಗಳನ್ನು ಒಂದೇ ಗೆರೆಗೆ ತಂದರೆ ಮುಗಿಯಿತು. ಆದರೆ ಹಾಗೆ ಮಾಡಿದರೆ ವಾದಿಸಲು ಏನೂ ಉಳಿಯುವುದಿಲ್ಲ. ಅಥಣಿಯ ನಿಜವಾದ ಕೊಡುಗೆ ಬೇರೆ. ನೆಲದ ನಡುಕ ಸ್ಟ್ಯಾಂಡಿನ ಕಾಲುಗಳಿಂದ ಮೈಕಿಗೆ ಏರದಂತೆ ಕೆಳಗೊಂದು ದಪ್ಪ ಮೆತ್ತೆ ಕೊಡಬೇಕಷ್ಟೆ? ಅಲ್ಲಿ ಅದಕ್ಕೆ ಚಪ್ಪಲಿ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರೊಳಗೆ ಸೇರಿತು, ಆದರೆ ಈ ಉಪಯೋಗ ದಾಖಲಾದಂತೆ ಕಾಣೆ. ಸ್ಟ್ಯಾಂಡಿಗೆ ಮೂರು ಕಾಲು, ಚಪ್ಪಲಿ ಬರುವುದು ಜೋಡಿಯಲ್ಲಿ. ಸಭೆಯಲ್ಲಿ ಯಾರೋ ಒಬ್ಬರು ಬರಿಗಾಲಲ್ಲಿ ಮನೆಗೆ ಹೋಗುವುದು ಅನಿವಾರ್ಯ.

ಕಾಗವಾಡ ದರ್ಶನ ಅಪ್ರಿಯವಾದದ್ದು. ಸಿತಾರ್ ತಂಬೂರಿಗಳನ್ನು ಮಾಡುವ ಮಿರಜ ಕಾಗವಾಡದವರಿಗೆ ತೀರ ಹತ್ತಿರ, ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅಲ್ಲೇ. ಆ ಗಾಳಿ ಬಡಿದು, ಮೈಕ್ ಮುಟ್ಟುವ ಮೊದಲು ಬ್ಯಾಂಜೊದ ತಂತಿಗಳನ್ನು ಶ್ರುತಿ ಮಾಡಿ ಎನ್ನುತ್ತಾರೆ. ಇದನ್ನು ಯಾವ ಪಾರ್ಟಿಯೂ ಇದುವರೆಗೆ ಒಪ್ಪಿಲ್ಲ.

ಚಿಕ್ಕೋಡಿ ದರ್ಶನವನ್ನು ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾದ ಕೂಡಲೇ ಪ್ರಕಟಿಸಲಾಗುವುದು.

ಕೊನೆಗೆ ಪ್ರಯೋಗ. ಗೀಟಿನ ಮೇಲೆ ಮೈಕ್, ಬಟ್ಟೆಗೆ ಎರಡು ಬಟ್ಟು, ತುಸು ಓರೆ. 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆ ಕಡಿಮೆಯಾಗಲೆಂದು ಪಿಕಪ್ಪಿನ ವಾಯರನ್ನು ಆಂಪ್ಲಿಯ ಟ್ರಾನ್ಸ್‌ಫಾರ್ಮರಿನಿಂದ ದೂರ ಎಳೆದದ್ದಾಯಿತು. ದನಿ ಬಂತು. ದುಂಡಗೆ, ತುಂಬಿಕೊಂಡು, ಕಿವಿಗೆ ಚುಚ್ಚದೆ ಬಂತು. ಪಾರ್ಟಿಯ ಮಾಲಕರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಭಾರಿ ಬಂದೈತ್ರಿ ಸರ. ಆದರ ನಮ್ಮ ಪಾರ್ಟಿ ಹೆಸರು, ಫೋನ್ ನಂಬರ್ ಎಲ್ಲಿ ಬರತಾವ?”

“ಎಲ್ಲಿ ಬರಬೇಕಿತ್ತು?”

“ನಡುನಡುವ ಬರಬೇಕ್ರಿ. ಅರ್ಧ ಮಿನೀಟಕ್ಕೊಮ್ಮಿ. ಅದಕ ಎಕೋ ಹಾಕ್ರಿ, ಡಾಲ್ಬಿಯೊಳಗ ದಣಾದಣಾ ಅನ್ನಬೇಕ್ರಿ.”

ಎಕೋ ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನದು. ಆದರೆ ಬಾಡಿಗೆ ಕೊಡುವವರು ಅವರಾದ್ದರಿಂದ, ಪರಿಶಿಷ್ಟವಾಗಿ ಸೇರಿಸಲಾಗಿದೆ.