ಬಕೆಟ್ಟಿನಲ್ಲಿ ಐರನ್‌ಮ್ಯಾನ್

ಏನನ್ನಾದರೂ ಕಲಿಯಬೇಕಾದರೆ ಆ ವಸ್ತು ಕಣ್ಣೆದುರಿಗಿರಬೇಕು ಎಂಬ ಮೂಢನಂಬಿಕೆ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಎಂದೋ ಅಳಿದಿದೆ. ಬ್ಯಾಂಕಿನೊಳಗೆ ಕಾಲಿಡದೆ ಬ್ಯಾಂಕ್ ಅಧಿಕಾರಿಯಾಗುವ ಬ್ಯಾಚು ಬೆಳಿಗ್ಗೆ ಆರಕ್ಕೆ. ಕಂಪನಿಯ ಮೆಟ್ಟಿಲು ಹತ್ತದೆ ಮೂರು ವರ್ಷದ ಸಾಫ್ಟ್‌ವೇರ್ ಅನುಭವ ಗಳಿಸುವ ಬ್ಯಾಚು ಸಂಜೆ ಏಳಕ್ಕೆ. ಇಂಥ ಊರಲ್ಲಿ ನಿಂತು ‘ನೀರಿಲ್ಲದೆ ಈಜು ಕಲಿಯುತ್ತೇನೆ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಫೀಸು ಒಂದೇ ಸಲವೋ ಕಂತಿನಲ್ಲೋ ಎಂದು ಕೇಳುತ್ತಾರೆ, ಅಷ್ಟೆ.

ಈಜಿನ ಜ್ವರ ಬಂದದ್ದು ಗೋವಾ ಕಡೆಯಿಂದ. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅಲ್ಲಿ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಮುಗಿಸಿದರು: ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ಲು, ಮೇಲೆ 21.1 ಕಿ.ಮೀ. ಓಟ. ಪ್ರಧಾನಿ ಬೆನ್ನು ತಟ್ಟಿದರು. ಸಂಸದರು ಈಜಿದ್ದು ಗೋವಾದಲ್ಲಿ, ಭುಜ ಹಿಡಿದುಕೊಂಡದ್ದು ಹೈದರಾಬಾದಿನ ನಮಗೆ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ಇಲ್ಲಿನ ಹಾಸ್ಟೆಲುಗಳಲ್ಲಿ ನಾಲ್ವರಿಗೊಂದು ಕೋಣೆಯಂತೆ ಸೇರಿಕೊಂಡು, ಮೆಟ್ರೋದಲ್ಲಿ ನಿಂತೇ ಹೋಗಿ ನಿಂತೇ ಬರುವ ನಮ್ಮ ಹುಡುಗರಿಗೂ ಕಬ್ಬಿಣದ ಮನುಷ್ಯರಾಗುವ ಆಸೆ ಹುಟ್ಟಿತು. ತಪ್ಪೇನಿಲ್ಲ. ಓಟಕ್ಕೆ ವಿ.ಎಂ. ಹೋಮ್ ಮೈದಾನವಿದೆ. ಸೈಕಲ್ಲಿಗೆ ವಿಜಯವಾಡ ಹೆದ್ದಾರಿಯಿದೆ, ಧೈರ್ಯವೂ ವಿಮೆಯೂ ಇದ್ದವರಿಗೆ. ಈಜಿಗೆ? 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ದೊಡ್ಡ ಕೊಳ ಇರುವುದು ಗಚ್ಚಿಬೌಲಿಯಲ್ಲಿ, ಊರಿನ ಇನ್ನೊಂದು ತುದಿಗೆ. ಸಂಜೆಯ ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಹೋಗಿ ಬರುವ ಹೊತ್ತಿಗೆ ಬೀದರಿನ ಬಸ್ಸು ಹತ್ತಿದವನು ಜಹೀರಾಬಾದ್ ದಾಟಿರುತ್ತಾನೆ.

ಹಾಗಾಗಿ ಮನೆಪಾಠ. ಕಿಟಕಿಯ ಸರಳಿಗೆ ರಬ್ಬರ್ ಹಗ್ಗ ಬಿಗಿದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬೋರಲು ಬಿದ್ದು, ಎರಡೂ ಕೈಯಲ್ಲಿ ಹಗ್ಗ ಹಿಡಿದು ಗಾಳಿಯನ್ನು ಹಿಂದಕ್ಕೆ ಎಳೆಯುವುದು ಮೊದಲ ಪಾಠ. ಮೊಣಕೈ ಮೇಲಿರಬೇಕು, ಅಂಗೈ ಹಿಂದಕ್ಕೆ ನೋಡಬೇಕು. ಮೊಣಕೈ ಮೇಲಿದ್ದರೆ ಪಕ್ಕದ ಮಂಚದಲ್ಲಿ ಗ್ರೂಪ್-2 ಪರೀಕ್ಷೆಗೆ ಓದುತ್ತಿರುವವನ ಕನ್ನಡಕಕ್ಕೆ ತಾಗುತ್ತದೆ. ಕೆಳಗಿದ್ದರೆ ಶೈಲಿ ಕೆಡುತ್ತದೆ. ಬಹುಪಾಲು ಸಾಧಕರು ಶೈಲಿಯನ್ನೇ ಉಳಿಸಿಕೊಂಡಿದ್ದಾರೆ. ಇದಕ್ಕೆಂದೇ ಅಮೆರಿಕದಲ್ಲಿ ವಾಸಾ ಎಂಬ ಯಂತ್ರವೂ ಉಂಟು, ಜಾರುವ ಬೆಂಚಿನ ಮೇಲೆ ಮಲಗಿ ತೋಳು ಎಳೆಯುವಂಥದ್ದು. ಅದರ ಬೆಲೆ ಕೇಳಿದರೆ ಉಸಿರು ತಾನಾಗಿ ನಿಲ್ಲುತ್ತದೆ. ಉಸಿರು ಬಿಗಿಹಿಡಿಯುವ ಪಾಠ ಅಲ್ಲಿಗೆ ಮುಗಿದಂತೆ.

ಕೊಳ್ಳಲಾಗದವರಿಗೆ ಬಕೆಟ್ಟು. ಮುಖವನ್ನು ಕಿವಿಯವರೆಗೆ ಮುಳುಗಿಸಿ ಮೂಗಿನಿಂದ ಗುಳುಗುಳು ಗುಳ್ಳೆ ಬಿಡುವುದು, ಪಕ್ಕಕ್ಕೆ ತಿರುಗಿ ಉಸಿರೆಳೆಯುವುದು, ಮತ್ತೆ ಮುಳುಗುವುದು. ಬಚ್ಚಲಿನ ಹೊರಗೆ ಸಾಲಿನಲ್ಲಿ ನಿಂತವರು ಬಾಗಿಲು ಬಡಿದು ‘ಏಮೈಂದಿ ಬಾಬೂ’ (ಏನಾಯ್ತಪ್ಪಾ) ಎಂದು ಕೂಗುವವರೆಗೆ ಇದು ನಡೆಯುತ್ತದೆ. ನಗುವ ಮೊದಲು ಒಂದು ಮಾತು: ಗುಳ್ಳೆ ಬಿಡುವುದು ಒಳ್ಳೆಯ ಅಭ್ಯಾಸವೇ. ಆದರೆ ಒಬ್ಬರೇ ಇದ್ದಾಗ ಉಸಿರು ಕಟ್ಟಿಕೊಂಡು ಸೆಕೆಂಡು ಎಣಿಸುವ ಪಂದ್ಯ ಬೇಡ. ಪ್ರಜ್ಞೆ ಹೋಗುವ ಮುಂಚೆ ಅದು ನೋಟಿಸು ಕೊಡುವುದಿಲ್ಲ, ಮುಳುಗಲು ಬಕೆಟ್ಟಿನ ನೀರೇ ಸಾಕು.

ಒಣನೆಲದಲ್ಲಿ ತೋಳು ಬಲಿಯುತ್ತದೆ, ಪಾದದ ಗಿಣ್ಣು ಸಡಿಲವಾಗುತ್ತದೆ, ಸೊಂಟ ಬಿಗಿಯಾಗುತ್ತದೆ. ಒಲಿಂಪಿಕ್ಸಿಗೆ ಹೋಗುವವರೂ ಇದನ್ನೆಲ್ಲ ಮಾಡುತ್ತಾರೆ, ನೀರಿನ ಜೊತೆಗೆ. ನೀರಿನ ಬದಲಿಗೆ ಮಾಡುವುದು ನಮ್ಮ ಸ್ವಂತ ಸಂಶೋಧನೆ. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ. ರಬ್ಬರ್ ಹಗ್ಗಕ್ಕೆ ಆ ವಿಷಯ ಗೊತ್ತಿಲ್ಲ. ಕಾಲು ಕೆಳಗೆ ಜಗ್ಗುವುದು, ಅಲೆ ಬಂದು ಬಾಯಿಗೆ ಹೊಡೆಯುವುದು, ಹಿಂದಿನವನ ಕೈ ಹೆಗಲ ಮೇಲೆ ಬೀಳುವುದು, ದಡ ಎಲ್ಲಿದೆಯೆಂದೇ ತಿಳಿಯದೆ ಎದೆ ಹೊಡೆದುಕೊಳ್ಳುವುದು, ಇವು ಯಾವುವೂ ಸ್ಟೂಲಿನ ಮೇಲೆ ಆಗುವುದಿಲ್ಲ. ಟ್ರಯಥ್ಲಾನಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಈಜಿನ ಹಂತದಲ್ಲಿ. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದ ಮಾವಂದಿರಿಗೆ ಯಾವ ಪ್ರಮಾಣಪತ್ರವೂ ಇರಲಿಲ್ಲ. ಕೊನೆಪಕ್ಷ ಬಾವಿಯಲ್ಲಿ ನೀರಿದೆಯೇ ಎಂದು ಇಣುಕಿ ನೋಡುತ್ತಿದ್ದರು.

ಮನೆಯಲ್ಲೇ ಕೊಳ ಮಾಡಿಕೊಳ್ಳೋಣವೆಂದು ಲೆಕ್ಕ ಹಾಕಿಯೂ ನೋಡಬಹುದು. 2021ರ ಜನವರಿಯಿಂದ ಹೈದರಾಬಾದಿನ ಮನೆಗಳಿಗೆ ತಿಂಗಳಿಗೆ 20,000 ಲೀಟರ್ ನೀರು ಉಚಿತ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳಕ್ಕೆ ಬೇಕಾದದ್ದು 25 ಲಕ್ಷ ಲೀಟರ್. ಸ್ನಾನ, ಅಡುಗೆ, ಬಟ್ಟೆ ಎಲ್ಲ ಬಿಟ್ಟು ಕೂಡಿಟ್ಟರೆ 125 ತಿಂಗಳಲ್ಲಿ ಕೊಳ ತುಂಬುತ್ತದೆ. ಅಷ್ಟರಲ್ಲಿ ಕೊಳಕ್ಕೆ ಇಳಿಯುವವನಿಗೆ ಸ್ನಾನವೂ ಅಗತ್ಯವಾಗಿರುತ್ತದೆ.

ಇಷ್ಟೆಲ್ಲ ಪಾಡು ಪಡುವ ಊರಿಗೆ ಆತುಕೊಂಡೇ ಒಂದು ಕೆರೆಯಿದೆ ಎಂಬುದನ್ನು ಹೇಳಲು ಸಂಕೋಚವಾಗುತ್ತದೆ. ಸರೂರ್‌ನಗರ ಕೆರೆ, ಹದಿನೇಳನೆಯ ಶತಮಾನದ್ದು. ಕುತುಬ್ ಶಾಹಿಗಳು ಕಟ್ಟಿಸಿದರು, ಆಮೇಲಿನವರು ಸುತ್ತ ಬಡಾವಣೆ ಕಟ್ಟಿಸಿದರು, ಬಡಾವಣೆಯವರು ಮೋರಿಯನ್ನು ಕೆರೆಗೆ ತಿರುಗಿಸಿದರು. ಈಗ ಅಲ್ಲಿ ಧೈರ್ಯವಾಗಿ ಇಳಿಯುವವನು ಗಣೇಶ ಒಬ್ಬನೇ, ಅದೂ ವರ್ಷಕ್ಕೊಮ್ಮೆ, ಕ್ರೇನಿನಲ್ಲಿ.

ನಾವು ಕೆರೆಗೆ ಹೋಗದಿದ್ದರೆ ಕೆರೆಯೇ ನಮ್ಮಲ್ಲಿಗೆ ಬರುತ್ತದೆ, ಅದು ಬೇರೆ ಮಾತು. 2020ರ ಅಕ್ಟೋಬರಿನ ಮಳೆಗೆ ಅದರ ಸುತ್ತಲಿನ ಬೀದಿಗಳಲ್ಲಿ ದೋಣಿಗಳು ಓಡಾಡಿದವು. ತೆರೆದ ನೀರಿನ ಈಜಿಗೆ ಪ್ರವೇಶ ಶುಲ್ಕವಿಲ್ಲದ ದಿನಗಳು ಅವು. ರಬ್ಬರ್ ಹಗ್ಗದವರೆಲ್ಲ ಮಹಡಿ ಹತ್ತಿ ನಿಂತಿದ್ದರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಸ್ಕೂಟರಿನಲ್ಲಿ ಹೊರಟಿದ್ದ ಒಬ್ಬರನ್ನು ರಸ್ತೆಯ ನೀರು ಸೆಳೆದೊಯ್ದು ಈ ಕೆರೆಗೆ ಹಾಕಿತು. ಅವರು ಬದುಕಲಿಲ್ಲ. ಈ ಊರಲ್ಲಿ ಈಜು ಬೇಕಾದದ್ದು ಪದಕಕ್ಕಲ್ಲ, ಪೇಟೆಗೆ ಹೋಗಿ ಬರುವುದಕ್ಕೆ.

ನೀರಿನ ಈ ಪಾಡು ಹೊಸದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಹೋದಾಗ ಅಫ್ಜಲ್‌ಗಂಜಿನ ಹುಣಸೆಮರ ಹತ್ತಿದ ನೂರೈವತ್ತು ಮಂದಿ ಉಳಿದರೆಂದು ಊರು ಇವತ್ತಿಗೂ ಹೇಳುತ್ತದೆ. ಮರುವರ್ಷ ನಿಜಾಮರು ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರು ನೋಡಿ, ಅಳೆದು, ಮಳೆನೀರಿಗೆ ಮೇಲುಗಡೆ ಜಲಾಶಯ ಕಟ್ಟಿ, ಕೊಳಚೆಗೆ ಬೇರೆ ಚರಂಡಿ ಮಾಡಿ ಎಂದರು. ಜಲಾಶಯಗಳೇನೋ ಬಂದವು: 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಕೊಳಚೆಯ ಮಾತನ್ನು ಮುಂದಿನ ಬ್ಯಾಚಿಗೆ ಬಿಟ್ಟರು. ಆ ಬ್ಯಾಚು ಇನ್ನೂ ಮುಗಿದಿಲ್ಲ. ಕನ್ನಡಿಗರು ಮೀಸೆ ತಿರುವಬೇಕಾಗಿಲ್ಲ. ಅದೇ ವಿಶ್ವೇಶ್ವರಯ್ಯನವರ ನಾಡಿನ ರಾಜಧಾನಿಯಲ್ಲಿ ಬೆಳ್ಳಂದೂರು ಕೆರೆ 2017ರಲ್ಲೊಮ್ಮೆ, 2018ರಲ್ಲೊಮ್ಮೆ ಹೊತ್ತಿ ಉರಿಯಿತು. ಇಲ್ಲಿ ಕೆರೆ ನಾರುತ್ತದೆ, ಅಲ್ಲಿ ಸುಡುತ್ತದೆ.

ಪ್ಯಾರಿಸ್ಸಿನವರು ನಮಗಿಂತ ದಡ್ಡರು. ಸೆನ್ ನದಿಯಲ್ಲಿ 1923ರಿಂದ ಈಜು ನಿಷೇಧವಾಗಿತ್ತು. ಒಲಿಂಪಿಕ್ಸ್ ಟ್ರಯಥ್ಲಾನನ್ನು ಅಲ್ಲೇ ನಡೆಸುತ್ತೇವೆಂದು ಹಟ ಹಿಡಿದು ಸುಮಾರು 140 ಕೋಟಿ ಯೂರೋ ಸುರಿದರು. 2024ರ ಜುಲೈ 17ರಂದು ಮೇಯರ್ ಆನ್ ಇದಾಲ್ಗೊ ತಾವೇ ನೀರಿಗೆ ಇಳಿದು ಈಜಿ ತೋರಿಸಿದರು. ಆಮೇಲೂ ಮಳೆ ಬಂದು ನೀರು ಕೆಟ್ಟಿತೆಂದು ಪುರುಷರ ಸ್ಪರ್ಧೆಯನ್ನು ಒಂದು ದಿನ ಮುಂದೂಡಿದರು. ಪ್ರತಿಯೊಬ್ಬ ಸ್ಪರ್ಧಿಗೂ ಒಂದು ಸ್ಟೂಲು, ಒಂದು ಹಗ್ಗ ಕೊಟ್ಟಿದ್ದರೆ ಎಷ್ಟು ಉಳಿಯುತ್ತಿತ್ತು! ನಮ್ಮಲ್ಲೂ ಮೂಸಿಯ ದಂಡೆಗೆ ದೊಡ್ಡ ದೊಡ್ಡ ಯೋಜನೆಗಳಿವೆ. ಚಿತ್ರಗಳಲ್ಲಿ ನೀರು ಬಹಳ ನೀಲಿಯಾಗಿದೆ.

ಸರೂರ್‌ನಗರ ಕೆರೆಗೆ ಇಳಿಯುವ ಮೇಯರ್ ಒಬ್ಬರು ಸಿಗುವವರೆಗೆ, ಗೋವಾಕ್ಕೆ ಹೆಸರು ಕೊಡಲು ಹೊರಟಿರುವ ಗೆಳೆಯರಿಗೆ ಒಂದು ವಿನಂತಿ. ಅಲ್ಲಿನ ಸ್ಪರ್ಧೆಯಲ್ಲಿ ತಂಡವಾಗಿ ಹಂಚಿಕೊಂಡು ಮುಗಿಸುವ ರಿಲೇ ವಿಭಾಗವೂ ಇದೆ. ಸೈಕಲ್ಲು, ಓಟ ನೀವಿಟ್ಟುಕೊಳ್ಳಿ. ಈಜಿಗೆ ಕುಂದಾಪುರದ ಕಡೆಯಿಂದಲೋ ಕಾರವಾರದ ಕಡೆಯಿಂದಲೋ ಹೊಳೆಯಲ್ಲಿ ಬೆಳೆದ ಒಬ್ಬ ಹುಡುಗಿಯನ್ನು ಕರೆತನ್ನಿ. ಬಕೆಟ್ಟನ್ನು ಸಾಲಿನಲ್ಲಿ ನಿಂತಿರುವವರಿಗೆ ಕೊಟ್ಟುಬಿಡಿ.