ಸಾಕ್ಷಿಯಿಲ್ಲದ ಟಕ್

ಪೂರ್ತಿ ಕೆಟ್ಟು ನಿಂತ ಕಾರಿಗೆ ಒಂದು ಮರ್ಯಾದೆ ಇದೆ. ಕಂಡವರು ಅಯ್ಯೋ ಅನ್ನುತ್ತಾರೆ, ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾರೆ, ಅದರ ಹೆಸರು ಹೇಳಿ ಆಫೀಸಿಗೆ ತಡವಾಗಿ ಹೋದರೂ ನಡೆಯುತ್ತದೆ. ಮನಸ್ಸು ಬಂದಾಗ ಮಾತ್ರ ಕೆಡುವ ಕಾರಿನ ಯಜಮಾನನಿಗೆ ಇದ್ಯಾವ ಭಾಗ್ಯವೂ ಇಲ್ಲ. ಅವನ ಮಾತನ್ನು ಅವನ ಕಾರೇ ನಾಲ್ಕು ಜನರೆದುರು ಸುಳ್ಳು ಮಾಡುತ್ತದೆ. ಶಿವಮೊಗ್ಗದಲ್ಲಿ ಇಷ್ಟು ವರ್ಷ ಇದ್ದು ಸಂಪಾದಿಸಿದ ಸತ್ಯವಂತನೆಂಬ ಅಲ್ಪಸ್ವಲ್ಪ ಹೆಸರನ್ನು ನಾನು ಒಂದು ಸೆಕೆಂಡ್ ಹ್ಯಾಂಡ್ ಕಾರಿನ ದೆಸೆಯಿಂದ ಕಳೆದುಕೊಂಡೆ.

ಕಾರು ಉಡುಪಿ ಕಡೆಯದು, ಕೆಎ 20. ಮಾರಿದವರ ಮನೆ ಕಡಲಿಗೆ ಎಷ್ಟು ಹತ್ತಿರವಿತ್ತೆಂದರೆ ರೇಟಿನ ಮಾತಿನ ನಡುವೆ ಅಲೆಯ ಸದ್ದು ಕೇಳಿಸುತ್ತಿತ್ತು. "ಎಂತ ಪ್ರಾಬ್ಲಮ್ಮೂ ಇಲ್ಲ ಮಾರಾಯ್ರೆ, ಫಸ್ಟ್ ಕ್ಲಾಸ್ ಗಾಡಿ ಉಂಟು. ನಾನೊಬ್ಬನೇ ಓಡಿಸಿದ್ದು, ಅದೂ ಬ್ಯಾಂಕಿಗೆ ಮತ್ತು ದೇವಸ್ಥಾನಕ್ಕೆ" ಎಂದರು. ನನ್ನ ಕಡೆಯ ತಜ್ಞರಾಗಿ ಬಂದಿದ್ದ ಭಾವ ಬಾಗಿಲ ರಬ್ಬರು ಎಬ್ಬಿಸಿ ತುಕ್ಕು ಹುಡುಕಿದರು, ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಬೆರಳಿಗೆ ಸವರಿ ಮೂಸಿದರು, ಬಾಗಿಲನ್ನು ತೆಗೆದು ತೆಗೆದು ಹಾಕಿ ಸದ್ದು ಆಲಿಸಿದರು. ಬಾಗಿಲ ಸದ್ದಿನಿಂದ ಎಂಜಿನ್ನಿನ ಬಗ್ಗೆ ಏನು ತಿಳಿಯುತ್ತದೋ ಗೊತ್ತಿಲ್ಲ. ಆದರೆ ಆಲಿಸದೆ ಹಳೇ ಗಾಡಿ ಕೊಂಡುಕೊಳ್ಳುವುದು ಶಾಸ್ತ್ರಕ್ಕೆ ವಿರುದ್ಧ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನೂ ಒಂದು ಕೆಮ್ಮಿಲ್ಲದೆ ಹತ್ತಿ ಬಂತು. ಆರ್‌ಟಿಓ ಕಚೇರಿಗೆ ಫಾರಂ 29, ಫಾರಂ 30 ಎಂಬ ಜೋಡಿ ಕಾಗದ ಹೋದವು. ಕೈ ಬದಲಾಯಿತೆಂಬ ನೋಟಿಸು ಒಂದು, ಹೆಸರು ಬದಲಾಯಿಸಿ ಎಂಬ ಅರ್ಜಿ ಇನ್ನೊಂದು. ಗಾಡಿಯ ಗುಣಸ್ವಭಾವ ಬರೆಯಲು ಎರಡರಲ್ಲೂ ಕಾಲಮ್ಮಿಲ್ಲ.

ಸ್ವಭಾವ ಮೊದಲು ತಿಳಿದದ್ದು ಒಂದು ಮದುವೆಯ ಛತ್ರದ ಮುಂದೆ. ಊಟ ಮುಗಿದು, ತಾಂಬೂಲದ ತೆಂಗಿನಕಾಯಿ ಹಿಂದಿನ ಸೀಟಿಗೆ ಸೇರಿ, ಬೀಗರ ಕಡೆಯವರು ಕೈ ಬೀಸಲು ಸಾಲಾಗಿ ನಿಂತಿದ್ದರು. ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಹಳದಿ ದೀಪಗಳೆಲ್ಲ ಬೆಳಗಿದವು. ಬಾನೆಟ್ಟಿನೊಳಗಿಂದ ಒಂದೇ ಒಂದು 'ಟಕ್'. ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಕೈ ಬೀಸಲು ನಿಂತವರು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡರು.

ನಮ್ಮಲ್ಲಿ ಸ್ಟಾರ್ಟ್ ಆಗದ ಗಾಡಿಯ ಸುತ್ತ ವಿದ್ವತ್ಸಭೆ ಸೇರಲು ಆಮಂತ್ರಣ ಪತ್ರಿಕೆ ಬೇಕಿಲ್ಲ. "ಬ್ಯಾಟರಿ ಡೌನು" ಎಂದರು ಒಬ್ಬರು. "ಹಾರನ್ ಹೊಡೀರಿ" ಎಂದರು ಇನ್ನೊಬ್ಬರು. ಹೊಡೆದೆ, ಛತ್ರದೊಳಗಿನ ವಾಲಗದವರೂ ಹೊರಗೆ ಬಂದು ನೋಡುವಷ್ಟು ಜೋರಾಗಿ ಕೂಗಿತು. ಹೆಡ್‌ಲೈಟು ಹಾಕಿಸಿದರು, ಹಾಡುಹಗಲಲ್ಲೂ ಕಣ್ಣು ಕುಕ್ಕಿತು. ಅಲ್ಲಿಗೆ ಬ್ಯಾಟರಿ ಪಕ್ಷ ಸೋತು ಸೆಲ್ಫ್ ಮೋಟಾರಿನ ಪಕ್ಷಕ್ಕೆ ಬಹುಮತ ಬಂತು. ಎದುರು ಮನೆಯ ರಿಟೈರ್ಡ್ ಕಂಡಕ್ಟರು ಮಾತ್ರ ಯಾವ ಪಕ್ಷಕ್ಕೂ ಸೇರದೆ, "ಎಲ್ಲಾ ಇಳೀರಿ, ತಳ್ಳೋಣ" ಎಂದು ರೇಷ್ಮೆ ಪಂಚೆ ಮೇಲೆ ಕಟ್ಟಿದರು.

ತಳ್ಳಿ ಸ್ಟಾರ್ಟ್ ಮಾಡುವ ವಿದ್ಯೆಯಲ್ಲಿ ಒಂದು ಅನ್ಯಾಯ ಅಡಗಿದೆ. ಕೀ ಆನ್ ಇಟ್ಟು, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಒತ್ತಿ ಕೂರಬೇಕು. ವೇಗ ಬಂದು ಹಿಂದಿನಿಂದ "ಬಿಡಿ!" ಎಂಬ ಕೂಗು ಕೇಳಿದಾಗ ಕ್ಲಚ್ ಬಿಡಬೇಕು. ಎಂಜಿನ್ ಹಿಡಿಯಿತೋ, ಆಮೇಲೆ ನಿಲ್ಲಿಸುವ ಧೈರ್ಯವಿಲ್ಲ, ನಿಲ್ಲಿಸಿ ಆಫ್ ಆದರೆ ಮತ್ತೆ ತಳ್ಳುವವರು ಯಾರು? ಹಾಗಾಗಿ ಬೆವರು ಸುರಿಸಿದವರಿಗೆ ಥ್ಯಾಂಕ್ಸ್ ಕೂಡ ಹೇಳದೆ, ಕಿಟಕಿಯಿಂದ ಒಂದು ಕೈ ಹೊರಚಾಚಿ ಓಡಿಹೋಗಬೇಕು. ಅಂದು ಹಾಗೆ ಓಡಿದವನು ಒಂದು ಫರ್ಲಾಂಗು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ, ತಳ್ಳಿದವರ ಸಾಲಿನಲ್ಲಿ ಮೈಸೂರು ಸಿಲ್ಕ್ ಸೀರೆಯುಟ್ಟ ನನ್ನ ಹೆಂಡತಿಯೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಸರ್ಕಲ್ ಸುತ್ತಿಕೊಂಡು ಬಂದು, ಕಾರನ್ನು ಪೂರ್ತಿ ನಿಲ್ಲಿಸದೆ, ಅವಳನ್ನು ಹತ್ತಿಸಿಕೊಂಡೆ. ಮನೆ ಮುಟ್ಟುವವರೆಗೆ ಒಳಗೆ ಮಾತಾಡಿದ್ದು ಎಂಜಿನ್ ಒಂದೇ.

ಮರುದಿನ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ಬಂದು ಕೀ ತಿರುಗಿಸಿದ. ಬುರ್ರ್ ಎಂದಿತು. ಆಫ್ ಮಾಡಿ ತಿರುಗಿಸಿದ, ಬುರ್ರ್. "ಚೆನ್ನಾಗೇ ಐತಲ್ಲ ಸಾರ್?" ನಾನು ಛತ್ರದ ಕತೆ ಹೇಳಿದೆ, ಟಕ್ ಎಂಬ ಸದ್ದನ್ನು ನಾಲಿಗೆಯಲ್ಲಿ ಹೊಡೆದು ತೋರಿಸಿದೆ. ಪಕ್ಕದಲ್ಲಿ ಟಿಂಕರಿಂಗ್ ಮಾಡುತ್ತಿದ್ದ ಹುಡುಗ ಸುತ್ತಿಗೆ ನಿಲ್ಲಿಸಿ ಕುತೂಹಲದಿಂದ ನೋಡಿದ. "ಒಂದಿನ ಬಿಟ್ಟು ಹೋಗಿ" ಎಂದ ಮೆಕ್ಯಾನಿಕ್. ಬಿಟ್ಟೆ. ಸಂಜೆ ಫೋನು: "ಬೆಳಗ್ಗೆಯಿಂದ ಹೊಡೀತಾನೇ ಇದೀನಿ ಸಾರ್, ಒಂದ್ ಸಲನೂ ಕೈ ಕೊಟ್ಟಿಲ್ಲ." ಆ ದನಿಯಲ್ಲಿ ಕಾರಿನ ಬಗ್ಗೆ ಮೆಚ್ಚುಗೆ ಇತ್ತು, ನನ್ನ ಬಗ್ಗೆ ಅನುಕಂಪ ಇತ್ತು. ಹಣ ತೆಗೆದುಕೊಳ್ಳಲಿಲ್ಲ. ಗ್ಯಾರೇಜಿನವರು ಹಣ ಬೇಡವೆಂದರೆ ನಿಮ್ಮ ತಲೆಯ ಮೇಲೆ ಅವರಿಗೆ ಅನುಮಾನ ಬಂದಿದೆ ಎಂದೇ ಅರ್ಥ.

ಹಿಂತಿರುಗುವಾಗ ದಾರಿಯಲ್ಲಿ ಎಳನೀರು ಕುಡಿಯಲು ನಿಲ್ಲಿಸಿದೆ. ಟಕ್.

ಸಾಕ್ಷಿಗಾಗಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಬೇಕೆಂದುಕೊಂಡೆ. ಮೊಬೈಲ್ ಎತ್ತಿ ಹಿಡಿದರೆ ಸ್ಟಾರ್ಟ್ ಆಗುತ್ತಿತ್ತು, ಜೇಬಿಗೆ ಹಾಕಿದರೆ ಇಲ್ಲ. ಮಾವನ ಮನೆಗೆ ಹೊರಟರೆ ಕೆಡುತ್ತದೆ, ಅತ್ತಿಗೆಯ ಮನೆಗಾದರೆ ಸರಿಯಿರುತ್ತದೆ ಎಂಬ ಲೆಕ್ಕವೊಂದು ನಮ್ಮ ಮನೆಯಲ್ಲಿ ತಯಾರಾಯಿತು. ಅದನ್ನು ನಾನು ಒಪ್ಪಲಿಲ್ಲ. ಅಲ್ಲಗಳೆಯಲು ಆಧಾರವೂ ಸಿಗಲಿಲ್ಲ. ಊರಿನ ಭೂಗೋಳ ನನಗೆ ಹೊಸದಾಗಿ ಕಾಣತೊಡಗಿತು. ದುರ್ಗಿಗುಡಿ, ನೆಹರೂ ರಸ್ತೆ, ಗಾಂಧಿ ಬಜಾರ್ ಎಲ್ಲ ಕಡೆಯೂ ನಾನು ಮೊದಲು ನೋಡುತ್ತಿದ್ದದ್ದು ಇಳಿಜಾರು. ಶಿವಮೊಗ್ಗ ಎಷ್ಟೊಂದು ಸಮತಟ್ಟಾದ ಊರು ಎಂಬ ದುಃಖ ನನ್ನಷ್ಟು ಬೇರೆ ಯಾರಿಗೂ ಆಗಿರಲಾರದು. ತೀರ್ಥಹಳ್ಳಿಯವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಹಳೇ ಕಾಲದಲ್ಲಿ ಈ ಗೋಳಿರಲಿಲ್ಲ, ಬೇರೆ ಗೋಳಿತ್ತು. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರು ಮಾಡಿಕೊಟ್ಟ ವಿದ್ಯುತ್ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅದಕ್ಕೆ ಮೊದಲು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುವಬೇಕಿತ್ತು, ಎಂಜಿನ್ ತಿರುಗಿ ಒದ್ದರೆ ಕೈ ಮುರಿಯುತ್ತಿತ್ತು. ನಮ್ಮ ಹಳೆಯ ಅಂಬಾಸಿಡರ್ ಕಾರುಗಳಲ್ಲಿ ಸೆಲ್ಫೂ ಇತ್ತು, ಕೈ ಕೊಟ್ಟರೆ ಇರಲಿ ಎಂದು ಡಿಕ್ಕಿಯಲ್ಲಿ ಹ್ಯಾಂಡಲೂ ಇರುತ್ತಿತ್ತು. ಆ ಹ್ಯಾಂಡಲ್ ತೆಗೆದವರನ್ನು ನಾನು ಸುಲಭಕ್ಕೆ ಕ್ಷಮಿಸಲಾರೆ. ಈಗಿನ ಆಟೊಮ್ಯಾಟಿಕ್ ಗೇರಿನ ಕಾರುಗಳನ್ನಂತೂ ಊರೆಲ್ಲ ಸೇರಿ ತಳ್ಳಿದರೂ ಎಂಜಿನ್ ಏಳುವುದಿಲ್ಲ.

ಬ್ಯಾಟರಿ ಬದಲಾಯಿಸಿದೆ. ಕೆಲವು ವಾರ ಕಾರು ಬಂಗಾರದಂಥ ನಡತೆ ತೋರಿಸಿತು. ಬ್ಯಾಟರಿ ಅಂಗಡಿಯವರು ಬೀಗಿದರು. ಆಮೇಲೆ ಒಂದು ಮಳೆಗಾಲದ ಬೆಳಗ್ಗೆ, ಟಕ್. ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್, ಬುಷ್, ಸಾಲಿನಾಯ್ಡ್ ಎಲ್ಲ ಹೊಸದು ಹಾಕಿಸಿದೆ. ಮತ್ತೆ ಕೆಲವು ವಾರ ಸುಖ. ಮೆಕ್ಯಾನಿಕ್ ಬೀಗಿದ. ಮತ್ತೆ ಟಕ್. ಹೆಂಡತಿ ಇನ್ನು ಮನುಷ್ಯರಿಂದ ಆಗದೆಂದು ಸಿಗಂದೂರಿಗೆ ಹರಕೆ ಹೊತ್ತಳು.

ಇದು ಸೇತುವೆಗೆ ಮೊದಲಿನ ಮಾತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯುವ ತನಕ ಸಾಗರದ ಕಡೆಯಿಂದ ಹೋಗುವವರು ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ಬಸ್ಸು, ಜೀಪು, ಕಾರು, ಬೈಕು, ಹಣ್ಣುಕಾಯಿ ಚೀಲ ಹಿಡಿದ ಭಕ್ತರು, ಎಲ್ಲ ಒಂದೇ ಲಾಂಚಿಗೆ. ತೋಟ, ಮನೆ, ಗಾಡಿಗಳಿಗೆ ಕಳ್ಳರ ಭಯವಿದ್ದರೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಬೋರ್ಡು ಹಾಕುವುದು ನಮ್ಮ ಮಲೆನಾಡಿನ ರೂಢಿ. ನನ್ನ ಕಾರಿಗೆ ಅಂಥ ಬೋರ್ಡಿನ ಅಗತ್ಯವಿರಲಿಲ್ಲ. ಕದ್ದವನೂ ತಳ್ಳಬೇಕಿತ್ತು.

ನಮ್ಮ ಕಾರು ಲಾಂಚಿನ ಮುಂದಿನ ಸಾಲಿನಲ್ಲಿ ನಿಂತಿತು, ಹಿಂದೆ ಒಂದು ಬಸ್ಸು. ನೀರು, ಗಾಳಿ, ದೂರದ ಗುಡ್ಡ ಎಲ್ಲ ನೋಡಿ ಮನಸ್ಸು ಹಗುರಾಯಿತು. ಆಚೆ ದಡ ಬಂತು, ಹಲಗೆ ಇಳಿಸಿದರು. ಟಕ್. ಹಿಂದಿನ ಬಸ್ಸಿನವನು ಹಾರನ್ ಒತ್ತಿದ. ಟಕ್, ಟಕ್. ಲಾಂಚಿನ ಸಿಬ್ಬಂದಿ ಬಂದು, "ಇಳಿಸ್ತೀರೋ, ವಾಪಸ್ ಕರ್ಕೊಂಡು ಹೋಗೋಣವೋ?" ಎಂದು ಬಹಳ ಗೌರವದಿಂದ ಕೇಳಿದರು. ದಡವೋ ಏರು, ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ, ಬರೀ ಹೊತ್ತು ಹಾಕಿದ ಹಾಗೆ ತಳ್ಳಬೇಕು. ಬಸ್ಸಿನವರು ಇಳಿದರು. ಹಾಸನದ ಕಡೆಯ ಒಂದು ದೊಡ್ಡ ಸಂಸಾರ, ಮಾಲೆ ಹಾಕಿದ ಹುಡುಗರು, ಮೀನು ಬುಟ್ಟಿಯ ಒಬ್ಬ ಯಜಮಾನ, ಎಲ್ಲ ಕೈ ಹಚ್ಚಿದರು. "ಚೌಡಮ್ಮ ತಾಯೀ" ಎಂದು ಒಬ್ಬರು ಕೂಗಿದರೆ "ಹೋಯ್" ಎಂದು ಉಳಿದವರು. ಅಂಗುಲ ಅಂಗುಲವಾಗಿ ಏರು ಹತ್ತಿಸಿ ರಸ್ತೆ ಬದಿಗೆ ನಿಲ್ಲಿಸಿದರು. ಕೆಲವರು ಅಲ್ಲೇ ಕೂತು ಉಸಿರು ಬಿಟ್ಟರು. ಮೀನಿನ ಯಜಮಾನ ಕಿಟಕಿಗೆ ಬಗ್ಗಿ, "ಈಗ ಒಂದ್ಸಲ ನೋಡಿ" ಎಂದ. ಬೇಡವೆಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಆದರೂ ಅಷ್ಟು ಜನರ ಮಾತು ಮೀರಲಾಗದೆ ಕೀ ತಿರುಗಿಸಿದೆ. ಬುರ್ರ್.

ಆ ಕ್ಷಣ ಅಷ್ಟೂ ಮುಖಗಳು ನನ್ನನ್ನು ನೋಡಿದ ರೀತಿಯನ್ನು ಬಣ್ಣಿಸಲಾರೆ. "ತಾಯಿ ಮಹಿಮೆ" ಎಂದರು ಹಾಸನದ ಅಜ್ಜಿ. ಮೀನಿನ ಯಜಮಾನ ಮಾತ್ರ ಬುಟ್ಟಿ ಎತ್ತಿಕೊಳ್ಳುತ್ತ, "ಮೊದ್ಲೇ ಸರಿಯಾಗಿ ತಿರುಗಿಸಿದ್ರೆ ಆಗ್ತಿತ್ತು" ಎಂದು ಗೊಣಗಿದ.

ಕೊನೆಗೆ ಕೈಹಿಡಿದದ್ದು ತಗಡಿನ ಶೀಟಿನ ಕೆಳಗೆ ಕೂರುವ ಒಬ್ಬ ಮುದಿ ಆಟೋ ಎಲೆಕ್ಟ್ರಿಷಿಯನ್. ನಾನು ಟಕ್ ಸದ್ದು ಮಾಡಿ ತೋರಿಸುವ ಮೊದಲೇ ನಂಬರ್ ಪ್ಲೇಟ್ ನೋಡಿ, "ಕರಾವಳಿ ಗಾಡಿಯಾ? ಸಮುದ್ರದ ಹತ್ರ ಇತ್ತಾ?" ಎಂದ. ಹೌದೆಂದೆ. "ಉಪ್ಪುಗಾಳಿ" ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಒತ್ತಿ ಹಿಡಿದು, "ಹೊಡೀರಿ ಸೆಲ್ಫು" ಎಂದ. ಎಂದಿನಂತೆ ನನ್ನ ಮಾನ ಕಳೆಯಲು ಕಾರು ಕೂಡಲೇ ಸ್ಟಾರ್ಟ್ ಆಯಿತು. "ನೋಡಿ, ಆಗಿಬಿಡ್ತು" ಎಂದೆ ಸೋತ ದನಿಯಲ್ಲಿ. "ಆಗಲಿ ಬಿಡಿ ಸಾರ್. ಇಲ್ಲಿ ಅರ್ಧ ವೋಲ್ಟು ದಾಟಬಾರದು, ಎರಡರ ಹತ್ರ ಹೋಗ್ತಾ ಇದೆ." ಟಕ್ ಕೇಳದೆಯೂ ನನ್ನನ್ನು ನಂಬಿದ ಮೊದಲ ಮನುಷ್ಯ ಅವನು.

ಬ್ಯಾಟರಿಯ ಮೈನಸ್ಸಿನಿಂದ ಹೊರಟು ಗಾಡಿಯ ಬಾಡಿಗೆ ಬೋಲ್ಟ್ ಹಾಕಿ ಬಿಗಿದ ಒಂದು ದಪ್ಪ ಅರ್ಥ್ ವೈರ್ ಇರುತ್ತದೆ. ಹೋದ ಕರೆಂಟೆಲ್ಲ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಬೋಲ್ಟ್ ಬಿಚ್ಚಿದ. ಮೇಲಿನ ರಬ್ಬರ್ ಹೊದಿಕೆ ನುಣ್ಣಗೆ ಹೊಸದರಂತೆ ಹೊಳೆಯುತ್ತಿತ್ತು. ಬ್ಲೇಡಿನಲ್ಲಿ ಅದನ್ನು ಸೀಳಿದಾಗ ಒಳಗೆ ತಾಮ್ರವಿರಲಿಲ್ಲ, ಹಸಿರು ಕಿಲುಬಿತ್ತು. ಉಗುರಿನಲ್ಲಿ ಕೆದಕಿದರೆ ಎಳೆಗಳು ಪುಡಿಯಾಗಿ ಅಂಗೈ ಮೇಲೆ ಉದುರಿದವು. ಒಂದು ಹೆಡ್‌ಲೈಟಿಗೆ ಐದು ಆಂಪಿಯರ್ ಸಾಕು, ಹಾರನ್ನಿಗೂ ಹೆಚ್ಚೇನು ಬೇಡ. ಸೆಲ್ಫ್ ಮೋಟಾರ್ ತಿರುಗಲು ನೂರಕ್ಕೂ ಮಿಕ್ಕಿ ಬೇಕು. ಉಳಿದಿದ್ದ ನಾಲ್ಕು ಎಳೆಯಲ್ಲಿ ದೀಪ, ಹಾರನ್ನುಗಳ ಕರೆಂಟು ಹಾಯಾಗಿ ಓಡಾಡುತ್ತಿತ್ತು, ಸೆಲ್ಫಿನದ್ದು ಒಂದು ದಿನ ದಾಟುತ್ತಿತ್ತು, ಇನ್ನೊಂದು ದಿನ ಇಲ್ಲ. ಎಂಜಿನ್ ಅದುರಿ, ತೇವ ಕೂತು, ವೈರ್ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಹಣೆಬರಹ ಬದಲಾಗುತ್ತಿತ್ತು.

ಬ್ಯಾಟರಿಯವರ, ಮೆಕ್ಯಾನಿಕ್ಕಿನ ಆ ಕೆಲವು ವಾರಗಳ ಕೀರ್ತಿಯ ಗುಟ್ಟೂ ಅಲ್ಲೇ ಇತ್ತು. ಯಾವ ರಿಪೇರಿ ಮಾಡುವುದಿದ್ದರೂ ಮೊದಲು ಬಿಚ್ಚುವುದು ಬ್ಯಾಟರಿಯ ಮೈನಸ್ಸನ್ನು, ಕೊನೆಗೆ ಬಿಗಿಯುವುದೂ ಅದನ್ನೇ. ಆ ಎಳೆದಾಟದಲ್ಲಿ ಕಿಲುಬು ಸ್ವಲ್ಪ ಉದುರಿ ಎಳೆಗೆ ಎಳೆ ತಾಗುತ್ತಿತ್ತು. ಸಿಗಂದೂರಿನ ಏರಿನಲ್ಲಿ ಅಷ್ಟು ಜನ ಕುಲುಕಿ ಹತ್ತಿಸಿದಾಗ ಆದದ್ದೂ ಬಹುಶಃ ಅದೇ. ಹೆಂಡತಿಯ ಮುಂದೆ ಈ ವಿವರಣೆಯನ್ನು ನಾನು ಎತ್ತಿಲ್ಲ.

ಮುದುಕ ಹೊಸ ವೈರ್ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಪಾಲಿಶ್ ಪೇಪರಿನಲ್ಲಿ ಬೆಳ್ಳಗೆ ಉಜ್ಜಿ, ಗ್ರೀಸ್ ಸವರಿ ಬಿಗಿದ. ಸಾಮಾನು, ಕೂಲಿ ಎಲ್ಲ ಸೇರಿ ಆರುನೂರು ರೂಪಾಯಿ. ಆಮೇಲೆ ಕಾರು ಕೈ ಕೊಟ್ಟಿಲ್ಲ.

ಆದರೆ ನನ್ನ ಹೆಸರು ಸುಧಾರಿಸಲಿಲ್ಲ. ಕೇಳಿದವರಿಗೆಲ್ಲ ಸಂತೋಷದಿಂದ ಆರುನೂರರ ಲೆಕ್ಕ ಹೇಳಿದೆ. "ಅಷ್ಟೇನಾ? ಹಾಗಾದ್ರೆ ಅದಲ್ಲ ಬಿಡಿ, ಮತ್ತೆ ಬರುತ್ತೆ ನೋಡ್ತಿರಿ" ಎಂದರು ಕಂಡಕ್ಟರು. ಭಾವ ಫೋನಿನಲ್ಲೇ ನಕ್ಕರು. ಅಷ್ಟು ದಿನ ಊರನ್ನೇ ತಳ್ಳಿಸಿದ ಕಾಯಿಲೆ ಆರುನೂರಕ್ಕೆ ವಾಸಿಯಾಯಿತೆಂದರೆ ತಳ್ಳಿದವರಿಗೂ ಅವಮಾನವಲ್ಲವೆ? ಈಗ ಯಾರಾದರೂ ಕೇಳಿದರೆ, "ಕಂಪ್ಯೂಟರ್ ಬೋರ್ಡೇ ಹೋಗಿತ್ತು, ಬೆಂಗಳೂರಿಂದ ತರಿಸಿದೆ, ಹದಿನೆಂಟು ಸಾವಿರ ಆಯ್ತು" ಎನ್ನುತ್ತೇನೆ. "ಹಾಗೆ ಹೇಳಿ ಮತ್ತೆ!" ಎಂದು ಎಲ್ಲರೂ ನೆಮ್ಮದಿಯಾಗಿ ತಲೆಯಾಡಿಸುತ್ತಾರೆ.